ಪೆನಿಯಾಸಿ ಕೂಗಿದನೆ?

ಸೋಮವಾರ ಬೆಳಗ್ಗೆ ದ್ವೀಪದ ಪುಟ್ಟ ಪಟ್ಟಣ ಲೆವುಕಾದ ಪೊಲೀಸ್ ಠಾಣೆಯ ಬಾಗಿಲು ಇನ್ನೂ ಅರ್ಧ ತೆರೆದಿತ್ತಷ್ಟೆ. ಲೋಸಾ ಆಗಲೇ ಬಂದು ಬೆಂಚಿನ ಮೇಲೆ ಕುಳಿತಿದ್ದಳು. ಮೈಮೇಲೆ ಕಪ್ಪು ಉಡುಪು, ತಲೆಗೂದಲನ್ನು ಸೂತಕಕ್ಕೆಂದು ಗಿಡ್ಡವಾಗಿ ಕತ್ತರಿಸಿಕೊಂಡಿದ್ದಳು. ಗಂಡನನ್ನು ಮಣ್ಣು ಮಾಡಿದ್ದು ಶನಿವಾರ.

ಇನ್ಸ್‌ಪೆಕ್ಟರ್ ನೆಮಾನಿ ಚಹಾದ ಲೋಟ ಕೆಳಗಿಟ್ಟ. ಈ ಸಾವಿನ ಕಾಗದಕ್ಕೆ ಸಹಿ ಹಾಕಿದವನು ಅವನೇ. ಹಳೆಯ ಜೆಟ್ಟಿಯಲ್ಲಿ ಸಿನಿಮಾ ಚಿತ್ರೀಕರಣ ನಡೆಯುತ್ತಿದ್ದಾಗ, ಜೆಟ್ಟಿಯ ಕೆಳಗೆ ದೋಣಿ ಹಿಡಿದುಕೊಂಡಿರುವ ಕೆಲಸಕ್ಕೆ ಬಂದಿದ್ದ ಬೆಸ್ತ ಪೆನಿಯಾಸಿ ಗುರುವಾರ ಮಧ್ಯಾಹ್ನ ನೀರಿನಲ್ಲಿ ಮುಳುಗಿ ಸತ್ತಿದ್ದ. ಹಗ್ಗ ಕಾಲಿಗೆ ಸುತ್ತಿಕೊಂಡು, ಏರುತ್ತಿದ್ದ ಉಬ್ಬರಕ್ಕೆ ದೋಣಿ ಮೇಲೆದ್ದು ಅವನನ್ನು ಅಡ್ಡತೊಲೆಗೆ ಒತ್ತಿ ಹಿಡಿದಿತ್ತು. ಆಕಸ್ಮಿಕ ಸಾವು ಎಂದು ಬರೆದಾಗಿತ್ತು.

"ಕಂಪ್ಲೇಂಟ್ ಕೊಡ್ಬೇಕು ಅಣ್ಣ," ಅಂದಳು ಲೋಸಾ.

"ಯಾರ ಮೇಲೆ?"

"ಗೊತ್ತಿಲ್ಲ. ಸದ್ದಿಲ್ದೆ ಮುಳುಗಿದ ಅಂತ ನೀವು ಬರೆದಿದ್ದೀರಲ್ಲ, ಅದು ಸುಳ್ಳು."

"ಜೆಟ್ಟಿ ಮೇಲೆ ಇಪ್ಪತ್ತಾರು ಜನ ಇದ್ರು, ತಂಗಿ. ಎಲ್ರೂ ಹಾಗೇ ಹೇಳಿದ್ದಾರೆ."

"ಆ ಮನುಷ್ಯ ನಿದ್ದೇಲೂ ಬಾಯಿ ಮುಚ್ಚಿದವನಲ್ಲ. ಪಾದ್ರಿ ಪ್ರಾರ್ಥನೆ ಮಾಡುವಾಗ್ಲೂ ಹಿಂದಿನ ಸಾಲಲ್ಲಿ ಏನಾದ್ರೂ ಅಂದು ನಗಿಸ್ತಿದ್ದ. ಮೀನು ಸಿಕ್ಕಿದ್ರೂ ಕೂಗೋನು, ಸಿಗದಿದ್ರೂ ಕೂಗೋನು. ಸಾಯುವಾಗ ಮಾತ್ರ ಸುಮ್ನಿದ್ದ ಅಂದ್ರೆ ಹೇಗೆ ನಂಬಲಿ?" ಲೋಸಾ ಅಳಲಿಲ್ಲ. ಅಳು ಮುಗಿದುಹೋದವಳ ಹಾಗೆ ಕಾಣುತ್ತಿದ್ದಳು. "ಕೂಗಿದ್ನಾ ಇಲ್ವಾ, ಅಷ್ಟು ಹೇಳಿ. ಕೂಗಿಲ್ಲ ಅಂದ್ರೆ ಮನೆಗೆ ಹೋಗಿ ಮಲಗ್ತೀನಿ. ಕೂಗಿದ್ರೆ ಯಾಕೆ ಯಾರೂ ಹೋಗ್ಲಿಲ್ಲ ಅನ್ನೋದು ನಂಗೆ ಗೊತ್ತಾಗ್ಬೇಕು."

ನೆಮಾನಿ ಕಾರ್ಪೊರಲ್ ಪ್ರನೀಲ್ ಗೌಂಡರನನ್ನು ಕರೆದು ಎಫ್‌ಐಆರ್ ದಾಖಲಿಸಲು ಹೇಳಿದ. ಸಂಶಯಾಸ್ಪದ ಸಾವು, ಆರೋಪಿ ಅಪರಿಚಿತ. ಗೌಂಡರ್ ಪೆನ್ನಿನ ತುದಿ ಕಚ್ಚಿಕೊಂಡು ಬರೆದ. ಲೋಸಾ ಹೋದ ಮೇಲೆ ಅವನು ತಲೆಯೆತ್ತಿದ.

"ಸಾರ್, ಮುಗಿದ ಕೇಸು ಮತ್ತೆ ತೆಗೀತಾ ಇದ್ದೀವಿ. ಸುವಾದಿಂದ ಸಾಹೇಬ್ರು ಫೋನ್ ಮಾಡ್ತಾರೆ."

"ಮಾಡ್ಲಿ."

ಹತ್ತು ಗಂಟೆಗೆ ರಾಜಧಾನಿಯಿಂದ ಫೋನ್ ಬಂದೇ ಬಂತು. ಸಿನಿಮಾ ನಮ್ಮ ದೇಶದ ಹೆಣ್ಣುಮಗಳೇ ಮಾಡುತ್ತಿರುವುದು, ಸಚಿವರೂ ಆಸಕ್ತಿ ವಹಿಸಿದ್ದಾರೆ, ತನಿಖೆಯೂ ಆಗಲಿ, ಚಿತ್ರೀಕರಣವೂ ಬೇಗ ಮತ್ತೆ ಶುರುವಾಗಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೆಮಾನಿ "ಆಯ್ತು ಸಾರ್" ಎಂದು ಫೋನಿಟ್ಟು ಟೋಪಿ ಹಾಕಿಕೊಂಡ.

ಹನ್ನೊಂದಕ್ಕೆ ಇಳಿತ. ನೀರು ಸರಿದು ಜೆಟ್ಟಿಯ ಕಂಬಗಳು ಬುಡದವರೆಗೂ ಕಾಣುತ್ತಿದ್ದವು. ಊರಿನ ಇಬ್ಬರು ಹಿರಿಯರನ್ನು ಪಂಚರನ್ನಾಗಿ ಕರೆದುಕೊಂಡು ನೆಮಾನಿ ಮತ್ತು ಗೌಂಡರ್ ಕೆಸರಿಗಿಳಿದರು. ಹಲಗೆಗಳ ಸಂದಿಯಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಬೀಳುತ್ತಿತ್ತು. ಒಳಗೆ ಮಾತಾಡಿದರೆ ದನಿ ತೇವದ ಕಂಬಗಳಿಗೆ ಬಡಿದು ವಾಪಸು ಬರುತ್ತಿತ್ತು. ಗೌಂಡರ್ ಎರಡು ಮಾತಾಡಿ ಸುಮ್ಮನಾದ.

ಪೆನಿಯಾಸಿ ಸಿಕ್ಕಿಕೊಂಡಿದ್ದ ಕಂಬಕ್ಕೆ ಎಲ್ಲ ಕಂಬಗಳ ಹಾಗೆ ಚಿಪ್ಪು ಮೆತ್ತಿಕೊಂಡಿತ್ತು. ಆದರೆ ಅಡ್ಡತೊಲೆಯ ಪಕ್ಕದಲ್ಲಿ ಅಂಗೈಯಗಲದ ಜಾಗದಲ್ಲಿ ಚಿಪ್ಪೆಲ್ಲ ಒಡೆದು ಬೆಳ್ಳಗೆ ಕಾಣುತ್ತಿತ್ತು. ಅದರ ಕೆಳಗೇ ಕೆಸರಿನಲ್ಲಿ ದೋಣಿಯ ಹುಟ್ಟು ಸಿಕ್ಕಿಸುವ ಕಬ್ಬಿಣದ ಕೊಂಡಿ ಬಿದ್ದಿತ್ತು. ಕೊಂಡಿಯ ಅಂಚಿನಲ್ಲಿ ಚಿಪ್ಪಿನ ಪುಡಿ.

"ಬಡಿದಿದ್ದಾನೆ," ಅಂದ ಪಂಚರಲ್ಲಿ ಒಬ್ಬ, ಮೆಲ್ಲಗೆ.

"ಒಂದು ಸಲ ಅಲ್ಲ," ಅಂದ ಇನ್ನೊಬ್ಬ.

ನೆಮಾನಿ ಆ ಕೊಂಡಿಯನ್ನು ಕೈಗೆ ತೆಗೆದುಕೊಂಡು ಕಂಬಕ್ಕೆ ಮೂರು ಸಲ ಬಡಿದ. ಮೇಲೆ ಹಲಗೆಯ ಮೇಲೆ ಕಾವಲಿದ್ದ ಕಾನ್‌ಸ್ಟೆಬಲ್ ತಟ್ಟನೆ ಬಗ್ಗಿ ನೋಡಿದ. "ಏನ್ ಸಾರ್?" ಅಂದ.

ಕೇಳಿಸುತ್ತದೆ, ಹಾಗಾದರೆ. ಕೊಂಡಿಯನ್ನು ವಶಪಡಿಸಿಕೊಂಡು, ಪಂಚನಾಮೆ ಬರೆದು, ಎಲ್ಲರ ಸಹಿ ಹಾಕಿಸಿದರು. ದಾರಿಯುದ್ದಕ್ಕೂ ನೆಮಾನಿಯ ಕಿವಿಯಲ್ಲಿ ಆ ಮೂರು ಬಡಿತ ಇದ್ದೇ ಇತ್ತು.

ಸಿನಿಮಾದವರು ಕಡಲದಂಡೆಯ ಹಳೆಯ ವಸತಿಗೃಹವೊಂದನ್ನು ಪೂರ್ತಿ ಹಿಡಿದಿದ್ದರು. ಗುರುವಾರದಿಂದ ಚಿತ್ರೀಕರಣ ನಿಂತಿತ್ತು. ಮೆಟ್ಟಿಲು ಹತ್ತುವಾಗಲೇ ನೆಮಾನಿಗೆ ವಿಚಿತ್ರವೆನಿಸಿತು. ಒಂದು ಕೋಣೆಯಲ್ಲಿ ರೇಡಿಯೊ, ಇನ್ನೊಂದರಲ್ಲಿ ಟಿ.ವಿ., ಪಡಸಾಲೆಯಲ್ಲಿ ಯಾರೋ ಗಿಟಾರ್ ಬಾರಿಸುತ್ತಿದ್ದರು. ಅಡಿಗೆಮನೆಯಲ್ಲಿ ಬೇಯಿಸಿದ ಮರಗೆಣಸು, ಡಬ್ಬಿ ಮೀನು ಬಡಿಸುತ್ತಿದ್ದ ಹೆಂಗಸೂ ಫೋನಿನಲ್ಲಿ ಭಜನೆ ಹಾಕಿಕೊಂಡಿದ್ದಳು. ಸಾವಾದ ಮನೆಯಲ್ಲಿ ಇಷ್ಟು ಸದ್ದು ಯಾಕೆ?

"ಅದನ್ನೆಲ್ಲ ಆರಿಸಿ," ಅಂದ ನೆಮಾನಿ.

ಆರಿಸಿದರು. ಕಡಲಿನ ಸದ್ದು ಒಳಗೆ ಬಂತು. ಕುಳಿತಿದ್ದವರೆಲ್ಲ ನೆಲ ನೋಡತೊಡಗಿದರು. ಮೇಕಪ್ಪಿನ ಹುಡುಗಿಯೊಬ್ಬಳು ಎದ್ದು ಹೊರಗೆ ಹೋದಳು. ಎರಡು ನಿಮಿಷವೂ ಆಗಿರಲಿಲ್ಲ, ಯಾರೋ ಮೆಲ್ಲಗೆ ಕೈಚಾಚಿ ರೇಡಿಯೊ ಮತ್ತೆ ಹಚ್ಚಿದರು.

ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಪಡೆದರು. ಗುರುವಾರ ಏನು ಕೇಳಿಸಿತು? ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಬೆಳಕಿನವನು ಹಾಗೆಂದ, ಉಡುಪಿನವಳು ಹಾಗೆಂದಳು, ಕ್ಯಾಮೆರಾದವನೂ ಅದನ್ನೇ ಅಂದ. ಒಂದಕ್ಷರ ಆಚೆಯಿಲ್ಲ, ಈಚೆಯಿಲ್ಲ. ಗಿಣಿಪಾಠ.

"ಈ ಡೈಲಾಗ್ ಯಾರು ಬರೆದಿದ್ದು?" ಎಂದು ನೆಮಾನಿ ಎಂಟನೆಯವನಿಗೆ ಕೇಳಿದ. ಅವನು ಹಿಂದಿನ ಜಗಲಿಯ ಕಡೆ ಕಣ್ಣು ಹಾಯಿಸಿದ.

ಗ್ರೆಗ್ ಎಂಬ ನ್ಯೂಜಿಲೆಂಡಿನವನು ಮೊದಲ ಸಹಾಯಕ ನಿರ್ದೇಶಕ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಏಳಬೇಕು, ಎಷ್ಟು ಹೊತ್ತಿಗೆ ಊಟ, ಎಲ್ಲ ಅವನ ಬಾಯಿಂದ. ಸುರಕ್ಷತೆಯೂ ಅವನದೇ. ಕೆಂಪು ಮೀಸೆಯ ಆ ದೊಡ್ಡ ಗಂಡಸು ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

"ಪೆನಿಯಾಸಿ ಸತ್ತ ಹೊತ್ತಿಗೆ ಮೇಲೆ ಏನ್ ನಡೀತಿತ್ತು?"

"ಟೋನ್ ತಗೊಳ್ತಿದ್ವಿ."

"ಅಂದ್ರೆ?"

"ಒಂದೊಂದು ಜಾಗದ ಮೌನಕ್ಕೂ ಒಂದೊಂದು ಸದ್ದು ಇರುತ್ತೆ. ಚಿತ್ರ ಜೋಡಿಸುವಾಗ ಮಾತಿನ ನಡುವೆ ತುಂಬೋಕೆ ಅದು ಬೇಕು. ಅದಕ್ಕೆ ಎಲ್ಲರೂ ನಿಂತ ಜಾಗದಲ್ಲೇ ನಿಂತು ಒಂದು ನಿಮಿಷ ರೆಕಾರ್ಡ್ ಮಾಡ್ತೀವಿ. ಯಾರೂ ಮಿಸುಕೋ ಹಾಗಿಲ್ಲ. ಸೊಳ್ಳೆ ಕಚ್ಚಿದ್ರೂ ಹೊಡೆಯೋ ಹಾಗಿಲ್ಲ. ಡೈರೆಕ್ಟರ್ ಕೈ ಇಳಿಸೋತನಕ."

"ಪೆನಿಯಾಸಿ ಕಾಣೆಯಾಗಿದ್ದು ಯಾವಾಗ ಗೊತ್ತಾಯ್ತು?"

ಗ್ರೆಗ್ ಅಂಗೈಯನ್ನು ತೊಡೆಗೆ ಉಜ್ಜಿಕೊಂಡ. "ಊಟಕ್ಕೆ ಬರ್ಲಿಲ್ಲ. ಆ ಮನುಷ್ಯ ಊಟ ತಪ್ಪಿಸಿದ್ದೇ ಇಲ್ಲ."

ಧ್ವನಿಗ್ರಾಹಕ ಫಯಾಜ್ ಸುವಾದವನು, ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವನು. ಗುರುವಾರದ ಟೋನ್ ಹಾಕು ಅಂದಾಗ ಹೆಡ್‌ಫೋನ್ ತೆಗೆದು ನೆಮಾನಿಯ ಕೈಗೆ ಕೊಟ್ಟ. ತಾನು ಅದನ್ನು ಮುಟ್ಟಿದ್ದೇ ಬೆರಳ ತುದಿಯಿಂದ.

ನೆಮಾನಿ ಕೇಳಿದ. ನೀರು ಕಂಬಗಳ ನಡುವೆ ಏರುತ್ತಿತ್ತು. ಹಲಗೆಯೊಂದು ಬಿಸಿಲಿಗೆ ಕಿರುಗುಟ್ಟಿತು. ದೂರದಲ್ಲಿ ಹಕ್ಕಿ. ಮತ್ತೇನೂ ಇಲ್ಲ. ಇಷ್ಟು ಜನ ಒಟ್ಟಿಗೆ ಉಸಿರು ಬಿಗಿಹಿಡಿದದ್ದು ಕೂಡ ಹೇಗೋ ಅದರಲ್ಲಿ ಕೇಳಿಸುತ್ತಿತ್ತು.

"ಇದು ಎಷ್ಟನೇದು?" ಗೌಂಡರ್ ಕೇಳಿದ. "ಗುರುವಾರ ಬೆಳಗ್ಗಿಂದ ತೆಗೆದಿದ್ದೆಲ್ಲ ಎಲ್ಲಿ? ಇಲ್ಲಿ ಇದೊಂದೇ ಇದೆ."

"ಅದು ಬೇರೆ ಮೆಮೊರಿ ಕಾರ್ಡಲ್ಲಿತ್ತು. ತುಂಬಿತು ಅಂತ ಬದಲಾಯಿಸ್ದೆ. ಆ ಕಾರ್ಡ್ ಸಂಜೆಯಿಂದ ಕಾಣ್ತಿಲ್ಲ."

"ಯಾರಿಗೆ ಹೇಳಿದ್ರಿ?"

"ಡೈರೆಕ್ಟರಿಗೆ."

"ಅವರು ಏನಂದ್ರು?"

"ಹೋಗ್ಲಿ ಬಿಡು, ಸುವಾದಲ್ಲಿ ಮತ್ತೆ ಮಾತು ಹಾಕಿಸೋಣ ಅಂದ್ರು."

ಹೊರಗೆ ಬಂದ ಮೇಲೆ ಗೌಂಡರ್ ಹುಬ್ಬೇರಿಸಿದ. "ಸಾರ್, ನನ್ನ ಭಾವಮೈದ ಬಾ ಅನ್ನೋ ಊರಲ್ಲಿ ಮದುವೆ ವೀಡಿಯೊ ತೆಗೀತಾನೆ. ಒಂದು ಸಲ ಕಾರ್ಡ್ ಹಾಳಾಗಿದ್ದಕ್ಕೆ ಮದುಮಗನ ತಾಯಿ ಅವನನ್ನ ಅಟ್ಟಿಸ್ಕೊಂಡು ಹೋಗಿದ್ಲು. ಇಲ್ಲಿ ಅರ್ಧ ದಿನದ ಕೆಲಸ ಹೋಗಿದೆ, ನಾಯಕಿ ಬೇರೆ ಶುಕ್ರವಾರ ವಿಮಾನ ಹತ್ತಿ ಹೋಗಿದ್ದಾಳೆ. ಹೋಗ್ಲಿ ಬಿಡು ಅಂತಾರಂತೆ."

ನೆಮಾನಿ ಹಿಂದಿನ ಜಗಲಿಯತ್ತ ನಡೆದ. ಅವನು ಶನಿವಾರದ ಸಾವಿನ ಮನೆಯನ್ನು ನೆನೆಯುತ್ತಿದ್ದ.

ನಿರ್ದೇಶಕಿ ಕೆಲೆರಾಳದು ವೂನಿಸೆಯಾ ಎಂಬ ಊರು. ಪೆನಿಯಾಸಿಯದು ನಾಕೊರೊವಾ. ಈ ಎರಡೂ ಊರುಗಳ ಮೂಲದೈವ ಒಂದೇ, ಆದ್ದರಿಂದ ಅವರು ಒಬ್ಬರಿಗೊಬ್ಬರು ತೌವು. ತೌವುಗಳ ನಡುವೆ ಬೈಗುಳವೇ ಮರ್ಯಾದೆ. ಕಂಡಾಗ ಹೀಗಳೆಯಬೇಕು, ಅಂಗಳದ ಕೋಳಿ ಹೊತ್ತೊಯ್ದರೂ ನಗಬೇಕು, ಸಿಟ್ಟು ಮಾಡಿಕೊಂಡವನು ಸೋತ. ಸಾವಿನ ಮನೆಯಲ್ಲೂ ಇದಕ್ಕೆ ರಿಯಾಯಿತಿಯಿಲ್ಲ. ಶನಿವಾರ ವೂನಿಸೆಯಾದ ಮುದುಕರು ಬಂದು, ಶವದ ಪಕ್ಕದ ಒಳ್ಳೆಯ ಚಾಪೆಯನ್ನು ಎಳೆದುಕೊಂಡು, "ಏಳೋ ಸೋಮಾರಿ, ನಮ್ಮನ್ನ ಕರೆಸಿ ಮಲಗಿದ್ದೀಯಲ್ಲ" ಎಂದು ಗದರಿ, ಅಳುವವರನ್ನು ನಗಿಸಿ, ನಗುವವರನ್ನು ಅಳಿಸಿ ಹೋಗಿದ್ದರು. ಕೆಲೆರಾ ಮಾತ್ರ ಪದ್ಧತಿಯಂತೆ ತಿಮಿಂಗಿಲದ ಹಲ್ಲನ್ನು ಕಾಣಿಕೆಯಿಟ್ಟು ಹಿಂದಿನ ಸಾಲಿನಲ್ಲಿ ಕುಳಿತಳು. ಒಂದು ಮಾತೂ ಆಡಲಿಲ್ಲ. ತೌವು ಸತ್ತಾಗ ತುಟಿ ಬಿಚ್ಚದ ತೌವನ್ನು ನೆಮಾನಿ ತನ್ನ ಐವತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ದುಃಖ ಎಂದುಕೊಂಡಿದ್ದ ಆಗ.

ಅವಳು ವಸತಿಗೃಹದ ಹಿಂದಿನ ಜಗಲಿಯಲ್ಲಿದ್ದಳು. ನಲವತ್ತರ ಆಸುಪಾಸು, ತೆಳ್ಳಗಿನ ಹೆಂಗಸು. ಈ ಸಿನಿಮಾಕ್ಕಾಗಿ ಒಂಬತ್ತು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವಳು ಎಂದು ದ್ವೀಪಕ್ಕೆಲ್ಲ ಗೊತ್ತಿತ್ತು. ಅವಳ ಪಕ್ಕದಲ್ಲಿ ರೇಡಿಯೊ ಇರಲಿಲ್ಲ. ಆ ಮನೆಯಲ್ಲಿ ಸದ್ದಿಲ್ಲದೆ ಕುಳಿತಿದ್ದವಳು ಅವಳೊಬ್ಬಳೇ.

"ಪೆನಿಯಾಸಿಗೆ ಈ ಕೆಲಸ ಕೊಟ್ಟಿದ್ದು ಯಾರು?"

"ನಾನೇ. ಅವನೇ ಬಂದು ಕೇಳ್ದ. ತೌವು ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ."

"ಕೆಲಸ ಹೇಗೆ ಮಾಡ್ತಿದ್ದ?"

"ಚೆನ್ನಾಗಿ." ಸ್ವಲ್ಪ ತಡೆದು, "ಗಲಾಟೆ ಮಾಡ್ತಿದ್ದ," ಅಂದಳು.

"ಎಂಥ ಗಲಾಟೆ?"

"ತೌವು ಮಾಡೋ ಗಲಾಟೆ."

"ಗುರುವಾರ ಏನಾದ್ರೂ ಕೇಳಿಸ್ತಾ?"

"ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸ್ಲಿಲ್ಲ."

ಅದೇ ಡೈಲಾಗು. ಬರೆದವಳ ಬಾಯಲ್ಲೇ ಅದು ಎಲ್ಲರಿಗಿಂತ ಕೆಟ್ಟದಾಗಿ ಬಂತು.

ಆ ಸಂಜೆ ನೆಮಾನಿ ಲೋಸಾಳ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದ. ಪೆನಿಯಾಸಿ ಕೆಲಸದ ವಿಷಯ ಮನೆಯಲ್ಲಿ ಏನು ಹೇಳುತ್ತಿದ್ದ? ಲೋಸಾಳ ಮುಖದಲ್ಲಿ ಮೊದಲ ಸಲ ಏನೋ ಹಗುರಾದದ್ದು ಸುಳಿಯಿತು.

"ದಿನಾ ಬಂದು ಜಂಭ ಕೊಚ್ಚಿಕೊಳ್ತಿದ್ದ. ಮೇಲೆ ಅವರೆಲ್ಲ ಕಲ್ಲಿನ ಹಾಗೆ ನಿಂತಾಗ ಇವನು ಕೆಳಗಿಂದ ಕಂಬ ತಟ್ಟೋದು, ಏ ತೌವು, ನಾನು ಸತ್ತೆ ಕಣೇ ಅನ್ನೋದು. ಎಲ್ರೂ ನಕ್ಕು ಮತ್ತೆ ಮೊದಲಿಂದ ತೆಗೀಬೇಕಂತೆ. ಅವಳು ಪಾಪ ಸಿಟ್ಟು ಮಾಡೋ ಹಾಗಿಲ್ಲ. ಇವತ್ತು ವೂನಿಸೆಯಾದವಳ ಕೆಲಸ ಮೂರು ಸಲ ಕೆಡಿಸಿದೆ ಅಂತ ಊಟಕ್ಕೆ ಕೂತು ನಗ್ತಿದ್ದ."

ಹೇಳುತ್ತ ಹೇಳುತ್ತ ಅವಳ ದನಿ ನಿಂತಿತು. ಅವಳು ನೆಮಾನಿಯ ಮುಖ ನೋಡಿದಳು. ಅವನು ಎದ್ದು ಟೋಪಿ ತೆಗೆದುಕೊಂಡ. ಆ ಹೊತ್ತಿಗೆ ಅವನಿಗೆ ನಡೆದದ್ದೆಲ್ಲ ಹೆಚ್ಚುಕಡಿಮೆ ಗೊತ್ತಾಗಿತ್ತು, ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತ್ತು. ಆದರೆ ಊಹೆಯನ್ನು ಕೋರ್ಟು ಒಪ್ಪುವುದಿಲ್ಲ.

ಮಂಗಳವಾರ ಸಂಜೆ ನಾಲ್ಕೂವರೆಗೆ ನೀರು ಗುರುವಾರದ ಮಟ್ಟಕ್ಕೆ ಏರುತ್ತದೆಂದು ಬಂದರಿನವರು ಹೇಳಿದ್ದರು. ನಾಲ್ಕಕ್ಕೇ ನೆಮಾನಿ ಇಡೀ ತಂಡವನ್ನು ಜೆಟ್ಟಿಗೆ ಕರೆಸಿದ. ಅವತ್ತು ಯಾರು ಎಲ್ಲಿ ನಿಂತಿದ್ದರೋ ಅಲ್ಲೇ ನಿಲ್ಲಬೇಕು. ಹಾರಿಹೋಗಿದ್ದ ನಾಯಕಿಯ ಜಾಗದಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ನಿಂತಳು.

ಕೆಳಗೆ ದೋಣಿಯಲ್ಲಿ ಕೂರಬೇಕಾದವನು ಗೌಂಡರ್. "ಸಾರ್, ನಾನು ಕಬ್ಬಿನ ಗದ್ದೆಯವನು. ನಂಗೆ ಈಜು ಬರಲ್ಲ."

"ಜೀವರಕ್ಷಕ ಜಾಕೆಟ್ ಇದೆಯಲ್ಲ."

"ಪೆನಿಯಾಸಿಗೆ ಈಜು ಬರ್ತಿತ್ತು ಸಾರ್," ಅಂದ ಗೌಂಡರ್. ಆದರೂ ಇಳಿದ. ಜೊತೆಗೆ ಬಂದರಿನ ಇಬ್ಬರು ಈಜುಗಾರರು ಇಳಿದರು.

ಎಲ್ಲರನ್ನೂ ಜಾಗಕ್ಕೆ ನಿಲ್ಲಿಸಲು ನೆಮಾನಿ ಅರ್ಧ ಗಂಟೆ ಒದ್ದಾಡಿದ. ಒಬ್ಬ ಸರಿಯಾದರೆ ಇನ್ನೊಬ್ಬ ಅಲುಗುತ್ತಿದ್ದ. ಬೆಳಕು ಇಳಿಯುತ್ತಿತ್ತು, ನೀರು ಏರುತ್ತಿತ್ತು, ಇಪ್ಪತ್ತಾರು ಜನ ಮುಂದೇನು ಎಂದು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬೆವರಿದ. ಕೆಲೆರಾ ದಿನವಿಡೀ, ದಿನ ದಿನವೂ ಹೀಗೆ ನಿಂತಿದ್ದಳಲ್ಲ ಎಂದು ಒಂದು ಕ್ಷಣ ಮರುಕವಾಯಿತು. ಸಹಾಯ ಬೇಕಾಗಿ ಗ್ರೆಗ್‌ನ ಕಡೆ ತಿರುಗಿದ.

"ಅವತ್ತಿನ ಹಾಗೇ ಕೂಗಿ."

ಗ್ರೆಗ್ ಕೆಲೆರಾಳನ್ನು ನೋಡಿದ. ಅವಳು ತಲೆಯಾಡಿಸಿದಳು. ಅವನು ಕೂಗಿದ. "ಟೋನ್. ಎಲ್ಲರೂ ಸುಮ್ಮನೆ."

ಅಷ್ಟೇ ಸಾಕಾಯಿತು. ಇಪ್ಪತ್ತಾರು ಜನ ನಿಂತಲ್ಲೇ ನಿಂತುಬಿಟ್ಟರು. ಅರ್ಧಕ್ಕೆತ್ತಿದ ಕೈ ಅರ್ಧದಲ್ಲೇ ನಿಂತಿತು. ಕೆಲೆರಾಳ ಬಲಗೈ ತಾನಾಗಿ ಮೇಲೆದ್ದು, ಅಂಗೈ ಮುಂದಾಗಿ, ಗಾಳಿಯಲ್ಲಿ ನಿಂತಿತು. ನೆಮಾನಿ ಕೂಡ ತನಗೆ ಗೊತ್ತಿಲ್ಲದೆ ಉಸಿರು ಬಿಗಿಹಿಡಿದಿದ್ದ. ಹಲಗೆಗಳ ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು.

ಟಕ್. ಟಕ್. ಟಕ್.

ಯಾರೂ ಅಲುಗಲಿಲ್ಲ. ಮೇಕಪ್ಪಿನ ಹುಡುಗಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಅವಳೂ ಅಲುಗಲಿಲ್ಲ. ಅದು ಅಭ್ಯಾಸ. ಕೈ ಇಳಿಯುವವರೆಗೂ ನಿಲ್ಲಬೇಕು.

ಟಕ್. ಟಕ್. ಟಕ್.

ಫಯಾಜ್ ಹೆಡ್‌ಫೋನ್ ಕಿತ್ತು ಎದೆಗೆ ಒತ್ತಿಕೊಂಡ. ಕೆಲೆರಾಳ ಎತ್ತಿದ ಕೈ ಕೆಳಗಿಳಿಯಿತು. "ಕಟ್," ಅಂದಳು. "ಕಟ್, ಕಟ್," ಎನ್ನುತ್ತ ಓಡಿಹೋಗಿ ಹಲಗೆಯ ಮೇಲೆ ಬೋರಲು ಬಿದ್ದು ಸಂದಿಗೆ ಕಣ್ಣಿಟ್ಟಳು. ಗುರುವಾರ ಮಾಡದ್ದನ್ನು ಮಂಗಳವಾರ ಮಾಡಿದಳು.

"ಪೆನಿ," ಅಂದಳು ಸಂದಿಯೊಳಗೆ. "ಏ ಪೆನಿ."

"ನಾನು ಗೌಂಡರ್, ಮೇಡಂ," ಎಂದಿತು ಕೆಳಗಿನ ದನಿ, ಗಾಬರಿಯಲ್ಲಿ. "ನಾನು ಚೆನ್ನಾಗೇ ಇದ್ದೀನಿ."

ಯಾರೂ ನಗಲಿಲ್ಲ.

ನೆಮಾನಿ ಅವಳ ಪಕ್ಕ ಹಲಗೆಯ ಮೇಲೆ ಕುಳಿತ. ಅವಳು ಏಳುವವರೆಗೆ ಕಾದ. "ಕಾರ್ಡ್ ಎಲ್ಲಿದೆ?" ಎಂದು ಕೇಳಿದ.

ಅವಳು ಒಳಕಿಸೆಯಿಂದ ಅದನ್ನು ತೆಗೆದು ಕೊಟ್ಟಳು. ಉಗುರಿಗಿಂತ ಸ್ವಲ್ಪ ದೊಡ್ಡದು.

"ಸಮುದ್ರ ಇಷ್ಟು ಹತ್ತಿರ ಇತ್ತು. ಯಾಕೆ ಎಸೀಲಿಲ್ಲ?"

"ಅವನ ದನಿ ಅದು. ಎಸೆಯೋಕೆ ನಾನ್ಯಾರು?"

"ಕೇಳಿದ್ದೀರಾ?"

"ಕೇಳ್ತಾನೇ ಇದ್ದೀನಿ."

ಠಾಣೆಯಲ್ಲಿ ಫಯಾಜ್‌ನ ಯಂತ್ರ ತರಿಸಿ, ಪಂಚರ ಎದುರು ಕಾರ್ಡನ್ನು ಹಾಕಿದರು. ಗುರುವಾರದ ಎಲ್ಲ ಟೇಕುಗಳ ಕೊನೆಗೆ ಅದಿತ್ತು. ಗ್ರೆಗ್‌ನ ಕೂಗು. ನೀರಿನ ಸದ್ದು. ಮೂರು ಬಡಿತ. ಆಮೇಲೆ ಪೆನಿಯಾಸಿಯ ದನಿ, ಹತ್ತಿರದಲ್ಲೇ, ಬಾಯಿಗೆ ನೀರು ನುಗ್ಗಿದ ದನಿ. "ತೌವು. ಏ ತೌವು. ಬಾರೇ. ಸಾಯ್ತಾ ಇದ್ದೀನಿ." ಮತ್ತೆ ಬಡಿತ, ಈ ಸಲ ಒಂದರ ಮೇಲೊಂದು. ಯಾರೋ ತಡೆಯಲಾರದೆ ಮೂಗಿನಲ್ಲಿ ನಕ್ಕರು. ಆಮೇಲೆ ಕೆಲೆರಾಳ ನಗು. ಆಮೇಲೆ ಎಲ್ಲರ ನಗು, ಇಪ್ಪತ್ತಾರು ಜನರದು, ಹಲಗೆಗಳೇ ನಕ್ಕ ಹಾಗೆ. ಆ ನಗುವಿನ ಮೇಲೆ ಕೆಲೆರಾಳ ಮಾತು. "ಸಾಯೋದಾದ್ರೆ ಸದ್ದು ಮಾಡ್ದೆ ಸಾಯಿ, ನಾಕೊರೊವಾದ ಕತ್ತೆ. ನಂಗೆ ಇನ್ನೊಂದು ತಗೋಬೇಕು." ಮತ್ತೂ ನಗು. ಅದು ನಿಂತ ಮೇಲೆ, ಕಾರ್ಡ್ ಮುಗಿಯುವ ಮುಂಚೆ, ಒಂದೇ ಒಂದು ಬಡಿತ.

ಗೌಂಡರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

ಹಾಗಾದರೆ ನೆಮಾನಿ ಸೋಮವಾರ ಕೇಳಿದ್ದ ಆ ಸ್ವಚ್ಛವಾದ ಟೋನ್ ಇದರ ಆಮೇಲಿನದು, ಕಾರ್ಡ್ ಬದಲಾಯಿಸಿ ತೆಗೆದದ್ದು. ಈ ಸಲ ಪೆನಿಯಾಸಿ ಕೆಡಿಸಲಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡು ಊಟಕ್ಕೆ ಹೋಗಿದ್ದ ಟೋನ್.

"ನಂಗೆ ಅವತ್ತು ನಗು ಬಂದಿರ್ಲಿಲ್ಲ," ಅಂದಳು ಕೆಲೆರಾ. ಅವಳ ಹೇಳಿಕೆಯನ್ನು ಗೌಂಡರ್ ಬರೆದುಕೊಳ್ಳುತ್ತಿದ್ದ. "ನಾಯಕಿಗೆ ಅದು ಕೊನೇ ದಿನ. ನೀರು ಏರ್ತಾ ಇತ್ತು. ಇವನು ಬೆಳಗ್ಗಿಂದ ಎರಡು ಸಲ ಕೆಡಿಸಿದ್ದ. ಕೊಲ್ಲೋವಷ್ಟು ಸಿಟ್ಟು ಬಂದಿತ್ತು. ಆದ್ರೆ ತೌವು ಮೇಲೆ ಸಿಟ್ಟು ತೋರ್ಸೋ ಹಾಗಿಲ್ವಲ್ಲ. ಅದಕ್ಕೆ ನಕ್ಕೆ."

"ಯಾವಾಗ ಗೊತ್ತಾಯ್ತು?"

"ಹೆಣ ಮೇಲೆ ತಂದ ಮೇಲೆ. ಸಂಜೆ ಕಾರ್ಡ್ ಹಾಕಿ ಕೇಳ್ದೆ. ಆಮೇಲೆ ಎಲ್ರನ್ನೂ ಕೂರಿಸಿ, ಹೀಗೆ ಹೇಳಿ ಅಂದೆ. ಅವರು ಹೇಳಿದ್ರು. ನಾನು ಏನ್ ಹೇಳಿದ್ರೂ ಮಾಡೋರು ಅವರು."

"ಸಿನಿಮಾ ನಿಂತುಹೋಗುತ್ತೆ ಅಂತ ಭಯ ಇತ್ತಾ?"

"ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದಕ್ಕಲ್ಲ. ತಂಡದ ಆ ಮಕ್ಕಳೆಲ್ಲ ನನ್ನ ಮುಖ ನೋಡಿ ನಗೋರು, ಸಾರ್. ನಾನು ಮುಖ ಗಂಟಿಕ್ಕಿದ್ರೆ ಒಬ್ಬರೂ ನಗ್ತಿರ್ಲಿಲ್ಲ. ಒಬ್ಬ ಸಾಯೋವಾಗ ನಕ್ಕ ನಗು ಬದುಕಿರೋತನಕ ಅವರ ಬೆನ್ನಿಗೆ ಅಂಟಿಕೊಳ್ಳುತ್ತೆ. ಅವನ ಹೆಂಡ್ತಿ ಅದನ್ನ ಕೇಳ್ಬೇಕಾಗುತ್ತೆ. ಯಾರಿಗೂ ಕೇಳಿಸಬಾರ್ದು ಅಂದ್ಕೊಂಡೆ."

ಸಂಜೆ ಆರು ಇಪ್ಪತ್ತಕ್ಕೆ ಕೆಲೆರಾಳನ್ನು ಬಂಧಿಸಲಾಯಿತು. ಸಾಕ್ಷ್ಯ ಮರೆಮಾಚಿದ್ದು, ಸುಳ್ಳು ಹೇಳಿಕೆ ಕೊಡಿಸಿದ್ದು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪ, ಸುರಕ್ಷತೆ ನೋಡಿಕೊಳ್ಳಬೇಕಿದ್ದ ಗ್ರೆಗ್‌ನ ಮೇಲೆ ಬರಬಹುದೆಂದು ನೆಮಾನಿ ಟಿಪ್ಪಣಿ ಬರೆದ. ಫೋನ್ ರಿಂಗಾಯಿತು. ಅವನು ಎತ್ತಲಿಲ್ಲ.

ಬುಧವಾರ ಬೆಳಗ್ಗೆ ಲೋಸಾ ಬಂದಳು. ಅಕ್ಷರ ಓದಲು ಬಾರದವಳು. ನೆಮಾನಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ಕಾರ್ಡಿನಲ್ಲಿರುವುದನ್ನು ಕೇಳಲೇಬೇಕೆಂದಿಲ್ಲ ಎಂದೂ ಹೇಳಿದ. ಅವಳು ಕೇಳುತ್ತೇನೆ ಅಂದಳು. ಕೇಳಿದಳು, ನಗುವನ್ನೂ ಸೇರಿಸಿ, ಕೊನೆಯವರೆಗೂ.

ಹೆಡ್‌ಫೋನ್ ತೆಗೆದಿಟ್ಟು ಕೆಲೆರಾಳನ್ನು ನೋಡಬೇಕು ಅಂದಳು. ಲಾಕಪ್ಪಿನ ಸರಳಿನಾಚೆ ಕೆಲೆರಾ ಎದ್ದು ನಿಂತಳು. ನೆಲಕ್ಕೆ ಕುಸಿದು ಕ್ಷಮೆ ಕೇಳಲು ಹೋದಳು. ಲೋಸಾ ಕೈಯೆತ್ತಿ ತಡೆದಳು.

"ಅವನು ಕರೆದ, ನೀನು ಉತ್ತರ ಕೊಟ್ಟೆ. ಬೈದೆ. ಅವನು ಬೈಸಿಕೊಂಡೇ ಹೋದ, ಅವನಿಗೆ ಅದು ಇಷ್ಟಾನೇ. ಆ ನಗು ನಾನು ಹೊಟ್ಟೆಗೆ ಹಾಕ್ಕೋತೀನಿ, ಯಾವತ್ತಾದ್ರೂ. ಆದ್ರೆ ಅವನು ಸುಮ್ನೆ ಸತ್ತ ಅಂತ ಬರೆಸ್ದೆ ನೋಡು. ಬಾಯಿ ಇದ್ದ ಮನುಷ್ಯನ ಬಾಯಿ ಕಿತ್ಕೊಂಡೆ. ಅದನ್ನ ನಾನು ಕ್ಷಮಿಸಲ್ಲ."

ಕೆಲೆರಾ ತಲೆತಗ್ಗಿಸಿದಳು.

ಲೋಸಾ ನೆಮಾನಿಯ ಮೇಜಿಗೆ ವಾಪಸು ಬಂದಳು. "ಈಗ ಏನಂತ ಬರೆದಿದ್ದೀರಿ?"

ಅವನು ದೋಷಾರೋಪಣೆಯ ಕಾಗದ ತೆಗೆದು ಅವಳ ಭಾಷೆಗೆ ತಿರುಗಿಸಿ ಓದಿದ. "ನಾಕೊರೊವಾದ ಪೆನಿಯಾಸಿ ಕಂಬ ಬಡಿದನು. ಸಹಾಯಕ್ಕಾಗಿ ಕೂಗಿದನು. ಅದು ಅಲ್ಲಿದ್ದ ಎಲ್ಲರಿಗೂ ಕೇಳಿಸಿತು."

"ಇನ್ನೊಂದ್ ಸಲ ಓದಿ," ಅಂದಳು ಲೋಸಾ.

ನೆಮಾನಿ ಇನ್ನೊಂದು ಸಲ ಓದಿದ.